ಬಾನುಲಿಯ ಖರ್ಚು, ಕೇಳುಗರ ಹಣ: ಮಂಡ್ಯ ಸೀಮೆಯ ಕಡೆಯಿಂದ ಒಂದು ಅವಲೋಕನ

ಮಂಡ್ಯ, ಮದ್ದೂರು, ಮಳವಳ್ಳಿಗಳ ಕೇಳುಗರಿಗೆ ಬಾನುಲಿ ಬಹುಮಟ್ಟಿಗೆ ಮೈಸೂರು ಅಥವಾ ಬೆಂಗಳೂರಿನಿಂದ ಬರುತ್ತಿದ್ದ ದನಿ. ಆ ದನಿಯನ್ನು ರೇಡಿಯೊ ಅಲೆಗಳಾಗಿ ಮಾರ್ಪಡಿಸಿ ಬಿತ್ತರಿಸುವ ಯಂತ್ರಕ್ಕೆ, ಅಂದರೆ ಪ್ರೇಷಕಕ್ಕೆ, ಹಣ ಹೂಡಿದವರು ಯಾರು, ಅದು ಕೆಟ್ಟಾಗ ಸರಿಪಡಿಸುವ ಹೊಣೆ ಹೊತ್ತವರು ಯಾರು ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳು ದೊರೆತಿವೆ. ಕೇಳುಗರೇ ಸ್ವಇಚ್ಛೆಯಿಂದ ಹಣ ಕೂಡಿಸಿ ಯಂತ್ರವನ್ನು ಕಾಪಾಡಿಕೊಳ್ಳುವ ಪದ್ಧತಿ ಮಾತ್ರ ಈ ನಾಡಿನಲ್ಲಿ ಗಟ್ಟಿಯಾಗಿ ಬೇರೂರಲಿಲ್ಲ.

ದಕ್ಷಿಣ ಭಾರತದಲ್ಲಿ ಆ ಪ್ರಯತ್ನ ಬಹಳ ಬೇಗ ನಡೆಯಿತು. 1924ರಲ್ಲಿ ಆರಂಭವಾದ ಮದ್ರಾಸ್ ಪ್ರೆಸಿಡೆನ್ಸಿ ರೇಡಿಯೊ ಕ್ಲಬ್ ಆಸಕ್ತರ ಸಂಘವಾಗಿ ಪ್ರಸಾರ ನಡೆಸಿ, ಹಣದ ಕೊರತೆಯಿಂದ 1927ರಲ್ಲಿ ನಿಂತುಹೋಯಿತು. ಅದರ ಪ್ರೇಷಕ ಮದ್ರಾಸ್ ನಗರಸಭೆಯ ಕೈಸೇರಿ, 1930ರಿಂದ ನಗರಸಭೆಯೇ ಪ್ರಸಾರವನ್ನು ಮುಂದುವರಿಸಿತು. 1927ರ ಜುಲೈಯಲ್ಲಿ ಮುಂಬಯಿಯಿಂದ ಪ್ರಸಾರ ಆರಂಭಿಸಿದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯು ರೇಡಿಯೊ ಇಟ್ಟುಕೊಂಡವರು ವರ್ಷಕ್ಕೆ ತೆರುತ್ತಿದ್ದ 10 ರೂಪಾಯಿ ಲೈಸೆನ್ಸ್ ಶುಲ್ಕದ ಪಾಲನ್ನು ನೆಚ್ಚಿಕೊಂಡಿತ್ತಾದರೂ, ಲೈಸೆನ್ಸ್ ಪಡೆದವರ ಸಂಖ್ಯೆ ಕೆಲವೇ ಸಾವಿರವನ್ನು ದಾಟದೆ 1930ರಲ್ಲಿ ಮುಚ್ಚಿತು.

ಮೈಸೂರಿನ ಕಥೆ ಇವೆರಡಕ್ಕಿಂತ ಭಿನ್ನ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ 30 ವ್ಯಾಟ್ ಸಾಮರ್ಥ್ಯದ ಪ್ರೇಷಕದ ಮೂಲಕ ಪ್ರಸಾರ ಆರಂಭಿಸಿ, ಕೈಯಿಂದ ಹಣ ಸುರಿದು ಅದನ್ನು ನಡೆಸಿಕೊಂಡು ಬಂದು, ಮುಂದೆ 250 ವ್ಯಾಟ್‌ನ ಯಂತ್ರವನ್ನು ತರಿಸಿದರು. ‘ಆಕಾಶವಾಣಿ’ ಎಂಬ ಹೆಸರು ಇದೇ ಕೇಂದ್ರದಿಂದ ಹೊರಟು, 1950ರ ದಶಕದಲ್ಲಿ ಇಡೀ ದೇಶದ ಬಾನುಲಿಗೆ ಅಂಟಿಕೊಂಡಿತು. ಅಂದಿನ ಪ್ರೇಷಕಗಳು ವಾಲ್ವ್ ಎಂಬ ಗಾಜಿನ ಬುರುಡೆಗಳನ್ನು ಅವಲಂಬಿಸಿದ್ದವು. ಒಳಗಿನ ತಂತಿ ಕೆಂಪಗೆ ಕಾದು ಉರಿದಾಗ ಮಾತ್ರ ಅವು ಕೆಲಸ ಮಾಡುತ್ತಿದ್ದುದರಿಂದ, ಬಳಸಿದಷ್ಟೂ ಸವೆದು, ಕಾಲಕಾಲಕ್ಕೆ ಹೊಸದನ್ನು ಕೂರಿಸಲೇಬೇಕಾಗುತ್ತಿತ್ತು. ಯಂತ್ರವನ್ನು ಒಮ್ಮೆ ಕೊಳ್ಳುವುದಕ್ಕಿಂತ ಅದನ್ನು ಬದುಕಿಸಿಕೊಳ್ಳುವುದೇ ದೊಡ್ಡ ಭಾರವಾಗಿದ್ದುದು ಈ ಕಾರಣದಿಂದ. ಆ ಭಾರವನ್ನು ಒಬ್ಬ ಮೇಷ್ಟ್ರು ವರ್ಷಗಟ್ಟಲೆ ಹೊತ್ತದ್ದು ಇಂದಿಗೂ ತಲೆಬಾಗಿಸುವಂಥ ಸಂಗತಿ. 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನ ಕೇಂದ್ರವನ್ನು ವಹಿಸಿಕೊಂಡಿತು. 1955ರಲ್ಲಿ ಅದು ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಮತ್ತೆ ಕೇಂದ್ರ ಬಂದದ್ದು 1974ರಲ್ಲಿ. ಪ್ರೇಷಕ ನಡೆಯಲು ವಿದ್ಯುತ್ ಬೇಕೇ ಬೇಕು; ಮೈಸೂರು ನಗರಕ್ಕೆ 1908ರಲ್ಲಿ ವಿದ್ಯುತ್ ಹರಿದದ್ದು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಎಂಬುದನ್ನು ನೆನೆದರೆ, ಈ ಸೀಮೆಗೆ ಬಾನುಲಿಯೊಡನೆ ಇರುವ ನಂಟು ಕೇಳುವುದಕ್ಕಷ್ಟೇ ಸೀಮಿತವಲ್ಲವೆಂದು ಕಾಣುತ್ತದೆ.

ಸ್ವಾತಂತ್ರ್ಯಾನಂತರ ಕೇಳುಗರ ಹಣ ಎರಡು ದಾರಿಗಳಲ್ಲಿ ಹರಿಯಿತು. ಒಂದು, ಅಂಚೆ ಕಚೇರಿಯಲ್ಲಿ ಪ್ರತಿವರ್ಷ ನವೀಕರಿಸಬೇಕಿದ್ದ ಲೈಸೆನ್ಸ್ ಪುಸ್ತಕ. ಶುಲ್ಕ ಕಟ್ಟಿದ ರೈತನಿಗೂ ಪ್ರೇಷಕಕ್ಕೂ ನಡುವೆ ಸರ್ಕಾರದ ಬೊಕ್ಕಸ ನಿಂತಿದ್ದುದರಿಂದ, ತನ್ನ ಹಣ ಯಾವ ಯಂತ್ರಕ್ಕೆ ಸಂದಿತೆಂದು ತಿಳಿಯುವ ಬಗೆ ಅವನಿಗಿರಲಿಲ್ಲ. 1980ರ ದಶಕದಲ್ಲಿ ಆ ಶುಲ್ಕವೇ ರದ್ದಾಯಿತು. ಇನ್ನೊಂದು, ಪಂಚಾಯಿತಿ ಕಟ್ಟಡದಲ್ಲಿ ಊರಿಗೆಲ್ಲ ಕೇಳುವಂತೆ ಇಡುತ್ತಿದ್ದ ಸಮುದಾಯ ರೇಡಿಯೊ ಪೆಟ್ಟಿಗೆ. ಅದನ್ನು ಕೊಳ್ಳಲು ಸರ್ಕಾರದ ಸಹಾಯಧನ ಸಿಕ್ಕರೂ, ಬ್ಯಾಟರಿಗೂ ದುರಸ್ತಿಗೂ ಹೊಣೆಗಾರರಿಲ್ಲದೆ ದೇಶದ ಅದೆಷ್ಟೋ ಹಳ್ಳಿಗಳಲ್ಲಿ ಅಂಥ ಪೆಟ್ಟಿಗೆಗಳು ಮೂಕವಾದವು.

ಕೇಳುಗರೇ ಕೇಂದ್ರವನ್ನು ಉಳಿಸಿಕೊಂಡ ನಿದರ್ಶನ ಹೊರನಾಡಿನಲ್ಲಿ ಉಂಟು. ಅಮೆರಿಕದ ಬರ್ಕ್ಲಿಯಲ್ಲಿ 1949ರಲ್ಲಿ ಆರಂಭವಾದ ಕೆಪಿಎಫ್‌ಎ ಕೇಂದ್ರ ಜಾಹೀರಾತನ್ನು ನಿರಾಕರಿಸಿ ಕೇಳುಗರ ಚಂದಾವನ್ನೇ ನಂಬಿ, ಮರುವರ್ಷವೇ ಹಣ ಸಾಲದೆ ನಿಂತು, 1951ರಲ್ಲಿ ಕೇಳುಗರ ಬೆಂಬಲದಿಂದ ಮತ್ತೆ ದನಿಯೆತ್ತಿತು. ಕರ್ನಾಟಕದಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ನಿಸ್ತಂತು ಪ್ರಸಾರಕ್ಕೆ ಅನುಮತಿಯಿಲ್ಲದ ಕಾಲದಲ್ಲಿ ಕೇಬಲ್ ಮೂಲಕ ಮನೆಗಳನ್ನು ತಲುಪಿತಾದರೂ, ಅದಕ್ಕೆ ಯುನೆಸ್ಕೊ ಮತ್ತು ಸ್ವಯಂಸೇವಾ ಸಂಸ್ಥೆಗಳ ನೆರವು ಬೇಕಾಯಿತು. 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಬಾಗಿಲು ತೆರೆದ ಸರ್ಕಾರ, ಜಾಹೀರಾತನ್ನು ಗಂಟೆಗೆ 5 ನಿಮಿಷಕ್ಕೆ ಮಿತಿಗೊಳಿಸಿತು. ಇಂಥ ಕೇಂದ್ರದ ದನಿ ಸಾಮಾನ್ಯವಾಗಿ ಸುತ್ತಲಿನ 10–15 ಕಿಲೋಮೀಟರಿಗಷ್ಟೇ ಮುಟ್ಟುವುದರಿಂದ, ಮಂಡ್ಯದಲ್ಲಿ ನೆಟ್ಟ ಗೋಪುರದ ದನಿ ಸುಮಾರು 20 ಕಿಲೋಮೀಟರ್ ದೂರದ ಮದ್ದೂರಿಗೇ ಸರಿಯಾಗಿ ಕೇಳಿಸುವುದು ಕಷ್ಟ. ಮಳವಳ್ಳಿಯ ಮಾತು ದೂರವೇ ಉಳಿಯಿತು.

ಈ ಸೀಮೆಯ ಹಳ್ಳಿಗಳಿಗೆ ಹಣ ಕೂಡಿಸುವುದು ಹೊಸದೇನಲ್ಲ. ಊರಹಬ್ಬಕ್ಕೂ ಪೌರಾಣಿಕ ನಾಟಕಕ್ಕೂ ಮನೆಗಿಷ್ಟೆಂದು ವಂತಿಗೆ ಎತ್ತಿ, ಹಬ್ಬ ಮುಗಿದ ಮೇಲೆ ಊರವರ ಮುಂದೆ ಜಮಾ-ಖರ್ಚನ್ನು ಓದಿ ಒಪ್ಪಿಸುವ ರೂಢಿ ಇಲ್ಲುಂಟು. ಲೈಸೆನ್ಸ್ ಶುಲ್ಕದ ವ್ಯವಸ್ಥೆಯಲ್ಲಿ ಇಲ್ಲದಿದ್ದುದು ಈ ಲೆಕ್ಕ ಒಪ್ಪಿಸುವ ಕ್ರಮವೇ. ಆದುದರಿಂದ ಕೇಳುಗರ ನೆರವನ್ನು ಬಯಸುವ ಬಾನುಲಿ ಕೇಂದ್ರಗಳು ಪ್ರೇಷಕ, ಗೋಪುರ, ಬ್ಯಾಟರಿಗಳ ದುರಸ್ತಿಗೆಂದೇ ಬೇರೆ ನಿಧಿ ಇಟ್ಟು, ಅದರ ಲೆಕ್ಕವನ್ನು ಪ್ರತಿವರ್ಷ ಪ್ರಸಾರದಲ್ಲೇ ಓದಿ ಹೇಳಬೇಕು. ಕೇಳುಗರೂ ಹಬ್ಬದ ವಂತಿಗೆಯ ಜತೆಗೆ ಅದಕ್ಕೊಂದು ಪಾಲನ್ನು ತೆಗೆದಿರಿಸಬೇಕು.