ಎಡಗೈಗೊಂದು ಪಿಸ್ತೂಲು

ನಮ್ಮ ಕ್ಯಾಸಂಬಳ್ಳಿ ಕಡೆಯವರಿಗೆ ಹೈದರಾಲಿ ದೂರದವನಲ್ಲ. ಆತ ಹುಟ್ಟಿದ್ದು ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ. ತಂದೆ ಫತೇ ಮಹಮ್ಮದನ ಗೋರಿ ಕೋಲಾರದಲ್ಲಿದೆ. ಈ ಮನೆತನದ ಮಾತು ಬಂದರೆ ನಮ್ಮ ವಾದಗಳೆಲ್ಲ ಯುದ್ಧ, ಧರ್ಮ, ಕತ್ತಿ, ರಾಕೆಟ್ಟುಗಳ ಸುತ್ತಲೇ ತಿರುಗುತ್ತವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು ವಸ್ತು: ಹೈದರನ ಮಗ ಟಿಪ್ಪುವಿಗಾಗಿ ಶ್ರೀರಂಗಪಟ್ಟಣದಲ್ಲಿ ತಯಾರಾದ ಜೋಡಿ ಪಿಸ್ತೂಲು. ಒಂದರ ಲಾಕು ಬಲಬದಿಗೆ, ಇನ್ನೊಂದರದು ಎಡಬದಿಗೆ.

ಅದು ಚಕಮಕಿ ಕಲ್ಲಿನ ಕಾಲ. ಟ್ರಿಗರ್ ಎಳೆದರೆ ಕಲ್ಲು ಕಚ್ಚಿದ ಸುತ್ತಿಗೆ ಉಕ್ಕಿಗೆ ಬಡಿದು ಕಿಡಿ ಹಾರುತ್ತಿತ್ತು. ಬಟ್ಟಲಿನಲ್ಲಿದ್ದ ಮದ್ದು ಹೊತ್ತಿ, ಬೆಂಕಿ ಸಣ್ಣ ತೂತಿನ ಮೂಲಕ ನಳಿಗೆಯೊಳಗೆ ಹೋಗುತ್ತಿತ್ತು. ಈ ಯಂತ್ರವೇ ಲಾಕು. ಯುರೋಪಿನ ಸೈನ್ಯಗಳು ಸವಾರರಿಗೆ ಕೊಡುತ್ತಿದ್ದ ಪಿಸ್ತೂಲುಗಳಲ್ಲಿ ಅದು ಬಲಬದಿಗೇ ಇರುತ್ತಿತ್ತು. ಎಡಗೈಯಲ್ಲಿ ಹಿಡಿದರೆ ಆ ಬದಿ ಸವಾರನ ಮೈ ಕಡೆಗೆ ತಿರುಗುತ್ತದೆ. ಕಿಡಿ, ಹೊಗೆಯೂ ಆ ಕಡೆಗೇ. ಜೋಡಿಯಲ್ಲಿ ಒಂದನ್ನು ಎಡಕ್ಕೆ ಮಾಡಿದರೆ ಎರಡೂ ಕೈಗಳಿಗೆ ಒಂದೊಂದು ಸರಿಯಾಗಿ ಒದಗುತ್ತದೆ.

ಕೇಳಲು ಇದು ಸಣ್ಣ ಬದಲಾವಣೆ. ಕಮ್ಮಾರನಿಗೆ ಹಾಗಲ್ಲ. ಬಲಗಾಲಿನ ಚಪ್ಪಲಿ ಎಡಗಾಲಿಗೆ ಆಗದಂತೆ, ಬಲಬದಿಯ ಲಾಕನ್ನು ಕಿತ್ತು ಎಡಬದಿಗೆ ಕೂರಿಸಲಾಗದು. ಸುತ್ತಿಗೆ, ಸ್ಪ್ರಿಂಗ್, ಒಳಗಿನ ಕೊಕ್ಕೆ, ಎಲ್ಲವೂ ಕನ್ನಡಿಯೊಳಗಿನ ಬಿಂಬದಂತೆ ತಿರುವುಮುರುವಾಗಬೇಕು. ನಳಿಗೆಯ ತೂತೂ ಆಚೆ ಬದಿಗೆ ಹೋಗಬೇಕು. ಎದುರಿಗೆ ಮಾದರಿ ಇಟ್ಟುಕೊಂಡು ಅರ ತಿಕ್ಕುವವನು ಇಲ್ಲಿ ಸೋಲುತ್ತಾನೆ. ಯಂತ್ರ ಹೇಗೆ ನಡೆಯುತ್ತದೆಂದು ತಿಳಿದವನಿಗೆ ಮಾತ್ರ ಇದು ಸಾಧ್ಯ.

ಟಿಪ್ಪು ಯುರೋಪಿನ ಬಂದೂಕುಗಳನ್ನು ನಕಲು ಮಾಡಿಸಿದನೆಂಬ ಮಾತಿಗೆ ಈ ಎಡಗಡೆಯ ಲಾಕೇ ಉತ್ತರ. ಕಲಿಕೆ ಹೊರಗಿನಿಂದ ಬಂದದ್ದು ನಿಜ. 1788ರಲ್ಲಿ 16ನೇ ಲೂಯಿಯ ಆಸ್ಥಾನಕ್ಕೆ ಹೋದ ಮೈಸೂರಿನ ರಾಯಭಾರಿಗಳು ಸೈನ್ಯದ ನೆರವಿನ ಜೊತೆಗೆ ಕುಶಲಕರ್ಮಿಗಳನ್ನೂ ಕೇಳಿದ್ದರು. ಆದರೆ ಕಲಿತದ್ದು ಇಲ್ಲಿನವರ ಕೈಯಲ್ಲಿ ಬೇರೆಯೇ ಆಯಿತು. ಸುತ್ತಿಗೆ ಹುಲಿಯ ರೂಪ ತಾಳಿತು, ಲೋಹದ ಮೇಲೆ ಹುಲಿಪಟ್ಟೆ ಮೂಡಿತು. ಈಸ್ಟ್ ಇಂಡಿಯಾ ಕಂಪನಿಯ ಬಂದೂಕಿನ ಮೇಲೆ ನಾಲ್ಕು ಭಾಗದ ಹೃದಯಾಕಾರದ ಮುದ್ರೆಯಿದ್ದರೆ, ಇಲ್ಲಿ ಹೈದರನ ಹೆಸರಿನ ಅಕ್ಷರಗಳ ಮುದ್ರೆ ಬಿತ್ತು.

ಈ ಕಾರ್ಖಾನೆಯ ಬಂದೂಕುಗಳಲ್ಲಿ ತಯಾರಿಸಿದವರ ಹೆಸರೂ ಸಿಗುತ್ತದೆ: ಅಸದ್ ಖಾನ್ ಮಹಮ್ಮದ್, ಸಯ್ಯದ್ ಮಾಸೂಮ್. ಜೊತೆಗೆ ‘ಪಟನ್’ ಎಂಬ ಊರು, ಟಿಪ್ಪುವಿನ ಮೌಲೂದಿ ಶಕದ ವರ್ಷ. ದೊರೆಯ ಆಯುಧದ ಮೇಲೆ ಕಸುಬುದಾರನ ಸಹಿಗೂ ಜಾಗವಿತ್ತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಬಂದೂಕು, ಪಿಸ್ತೂಲುಗಳು ಗೆದ್ದವರ ಪಾಲಾಗಿ ಕಡಲು ದಾಟಿದವು. ಕೆಲವು ಬ್ರಿಟಿಷ್ ರಾಜಮನೆತನದ ಸಂಗ್ರಹ ಸೇರಿದವು. ಇನ್ನು ಕೆಲವು 2015ರಲ್ಲಿಯೂ ಲಂಡನ್ನಿನ ಹರಾಜಿಗೆ ಬಂದವು. ಅಲ್ಲೆಲ್ಲ ಬೆಲೆ ಕಟ್ಟುವುದು ಟಿಪ್ಪುವಿನ ಹೆಸರಿಗೆ. ಆದರೆ ಕೊಂಡವರು ಮನೆಗೊಯ್ಯುವುದು ಶ್ರೀರಂಗಪಟ್ಟಣದ ಕಮ್ಮಾರರ ತಿಳಿವಳಿಕೆಯನ್ನು. ಅರಮನೆ ಬಿದ್ದಾಗ ಬಂದೂಕುಗಳನ್ನು ಎಣಿಸಿಕೊಂಡವರಿದ್ದರು. ಅವನ್ನು ಮಾಡಬಲ್ಲ ಕೈಗಳನ್ನು ಕೆಲಸಕ್ಕೆ ಕರೆಯಲು ಆ ದೊರೆ ಉಳಿದಿರಲಿಲ್ಲ.