ವಿನೈಲ್ ಸಂಗ್ರಹ: ಮರೆಗೆ ಸರಿದ ಸಾಫ್ಟ್ ರಾಕ್ ಗೀತಕಾರ-ಗಾಯಕರ ಎಲ್‌ಪಿಗಳು

1960ರ ದಶಕದ ಕೊನೆಯಿಂದ 1970ರ ದಶಕದ ಅಂತ್ಯದವರೆಗೆ ಮುಖ್ಯವಾಗಿ ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ಹೊರಬಂದು, ಆ ಕಾಲದಲ್ಲಿ ಹೆಚ್ಚು ಮಾರಾಟವಾಗದೆ ಮರೆಯಾದ ಸಾಫ್ಟ್ ರಾಕ್ ಗೀತಕಾರ-ಗಾಯಕರ ಧ್ವನಿಮುದ್ರಿಕೆಗಳನ್ನು, ಸಾಧ್ಯವಾದಷ್ಟೂ ಅವುಗಳ ಮೊದಲ ಅಚ್ಚಿನಲ್ಲಿಯೇ, ಹುಡುಕಿ ಕೂಡಿಡುವ ಹವ್ಯಾಸ. ಸಾಫ್ಟ್ ರಾಕ್ ಎಂಬುದು ರಾಕ್ ಸಂಗೀತದ ಅಬ್ಬರವನ್ನು ತಗ್ಗಿಸಿ, ಅಕೌಸ್ಟಿಕ್ ಗಿಟಾರ್, ಪಿಯಾನೊ ಮತ್ತು ಮೆಲುದನಿಯ ಗಾಯನವನ್ನು ಮುಂದಿಟ್ಟುಕೊಂಡು ಬೆಳೆದ ಪ್ರಕಾರ. ತನ್ನ ಹಾಡಿಗೆ ತಾನೇ ಮಾತು ಬರೆದು, ತಾನೇ ರಾಗ ಕೂಡಿಸಿ, ತಾನೇ ಹಾಡುವವರನ್ನು ಗೀತಕಾರ-ಗಾಯಕರೆನ್ನುತ್ತಾರೆ. ವಿನೈಲ್ ಎಂದು ಬಳಕೆಯಲ್ಲಿ ಕರೆಯುವುದು ಪಾಲಿವಿನೈಲ್ ಕ್ಲೋರೈಡ್ ಎಂಬ ಪ್ಲಾಸ್ಟಿಕ್ಕಿನಿಂದ ಒತ್ತಿ ತೆಗೆದ ಧ್ವನಿತಟ್ಟೆಯನ್ನು. ಕೊಲಂಬಿಯ ಕಂಪನಿ 1948ರಲ್ಲಿ ಮಾರುಕಟ್ಟೆಗೆ ತಂದ, ನಿಮಿಷಕ್ಕೆ 33⅓ ಸುತ್ತು ತಿರುಗುವ 12 ಅಂಗುಲದ ಎಲ್‌ಪಿ ಈ ಸಂಗ್ರಹದ ಮೂಲ ಘಟಕ. ಕನ್ನಡ ನಾಡಿನ ಹಿರಿಯರು ಇಂದಿಗೂ ‘ಗ್ರಾಮಫೋನ್ ಪ್ಲೇಟು’ ಎನ್ನುವುದು ಬಹುಮಟ್ಟಿಗೆ ಇದಕ್ಕಿಂತ ಹಿಂದಿನ, ಅರಗಿನಿಂದ ಮಾಡಿದ, 78 ಸುತ್ತಿನ ತಟ್ಟೆಗೆ.

ಇಂಥ ಧ್ವನಿಮುದ್ರಿಕೆಗಳು ಇಷ್ಟೊಂದು ಸಂಖ್ಯೆಯಲ್ಲಿ ಹುಟ್ಟಿ ಅಷ್ಟೇ ಬೇಗ ಕಣ್ಮರೆಯಾದುದಕ್ಕೆ ಕಾರಣ ಕೆಲವರ ದೊಡ್ಡ ಗೆಲುವು. ಜೇಮ್ಸ್ ಟೇಲರ್‌ನ ‘ಸ್ವೀಟ್ ಬೇಬಿ ಜೇಮ್ಸ್’ (1970) ಜನಪ್ರಿಯವಾಗಿ, ಕ್ಯಾರೊಲ್ ಕಿಂಗ್‌ಳ ‘ಟ್ಯಾಪೆಸ್ಟ್ರಿ’ (1971) ಬಿಲ್‌ಬೋರ್ಡ್ ಪಟ್ಟಿಯಲ್ಲಿ 15 ವಾರ ಮೊದಲ ಸ್ಥಾನದಲ್ಲಿ ನಿಂತಮೇಲೆ, ಗಿಟಾರ್ ಹಿಡಿದು ಒಬ್ಬಂಟಿಯಾಗಿ ಹಾಡುವವರನ್ನು ಕಂಪನಿಗಳು ಹುಡುಕಿ ಹುಡುಕಿ ಒಪ್ಪಂದಕ್ಕೆ ಒಳಪಡಿಸಿದವು. ದೊಡ್ಡ ತಂಡವನ್ನು ಸಾಕುವುದಕ್ಕೆ ಹೋಲಿಸಿದರೆ ಒಂದು ಕಂಠ, ಒಂದು ವಾದ್ಯದ ಮುದ್ರಣಕ್ಕೆ ಖರ್ಚೂ ಕಡಿಮೆ. ಹಾಡು ರೇಡಿಯೊದಲ್ಲಿ ಹತ್ತದಿದ್ದರೆ ಅಂಗಡಿಯವರು ಉಳಿದ ಪ್ರತಿಗಳನ್ನು ಹಿಂದಿರುಗಿಸುತ್ತಿದ್ದರು. ಕಂಪನಿ ಅವುಗಳ ರಕ್ಷಾಕವಚದ ಮೂಲೆ ಕತ್ತರಿಸಿಯೋ, ತೂತು ಕೊರೆದೋ ಅಗ್ಗದ ಬೆಲೆಗೆ ಸಗಟಾಗಿ ಮಾರುತ್ತಿತ್ತು. ‘ಕಟ್-ಔಟ್’ ಎನಿಸಿಕೊಳ್ಳುವ ಈ ಪ್ರತಿಗಳು ಇಂದು ಸಂಗ್ರಾಹಕರ ಕಪಾಟುಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಕತ್ತರಿಸಿದ ಮೂಲೆ ಬೆಲೆಯನ್ನು ತಗ್ಗಿಸುತ್ತದೆಯಾದರೂ, ಆ ಧ್ವನಿಮುದ್ರಿಕೆ ಸೋತದ್ದಕ್ಕೆ ಅದಕ್ಕಿಂತ ನೇರವಾದ ದಾಖಲೆ ಬೇರೆ ಇಲ್ಲ.

ಸೋಲಿನ ಬಗೆಗಳು ಒಂದೇ ತೆರನಾಗಿರಲಿಲ್ಲ. ಡೇವಿಡ್ ಗೆಫನ್ ಮತ್ತು ಎಲಿಯಟ್ ರಾಬರ್ಟ್ಸ್ 1971ರಲ್ಲಿ ಸ್ಥಾಪಿಸಿದ ಅಸೈಲಮ್ ಕಂಪನಿಯ ಮೊತ್ತಮೊದಲ ಎಲ್‌ಪಿ ಜೂಡಿ ಸಿಲ್ ಎಂಬಾಕೆಯದು. ಅದರ ಬೆನ್ನಿಗೇ ಬಂದ ಜಾಕ್ಸನ್ ಬ್ರೌನ್ ಪ್ರಸಿದ್ಧನಾದ, ಈಕೆ 1973ರ ‘ಹಾರ್ಟ್ ಫುಡ್’ ನಂತರ ಮತ್ತೊಂದು ಆಲ್ಬಮ್ಮನ್ನು ಹೊರತರಲಾಗದೆ 1979ರಲ್ಲಿ ತೀರಿಕೊಂಡಳು. ಎಮಿಟ್ ರೋಡ್ಸ್ ಕ್ಯಾಲಿಫೋರ್ನಿಯದ ಹಾಥಾರ್ನ್‌ನಲ್ಲಿ ತಂದೆತಾಯಿಯರ ಮನೆಯ ಹಿತ್ತಲಿನಲ್ಲಿ ಎಲ್ಲ ವಾದ್ಯಗಳನ್ನೂ ತಾನೇ ನುಡಿಸಿ 1970ರ ಆಲ್ಬಮ್ಮನ್ನು ಮುದ್ರಿಸಿದ. ಆರು ತಿಂಗಳಿಗೊಂದರಂತೆ ಆಲ್ಬಮ್ ಒಪ್ಪಿಸಬೇಕೆಂಬ ಕರಾರು ಒಬ್ಬನೇ ದುಡಿಯುವ ಅವನಿಗೆ ನಿಭಾಯಿಸಲಾಗದ ಹೊರೆಯಾಯಿತು. ಇಂಗ್ಲೆಂಡಿನ ವಷ್ಟಿ ಬನ್ಯನ್‌ಳ ‘ಜಸ್ಟ್ ಅನದರ್ ಡೈಮಂಡ್ ಡೇ’ (1970) ಕೆಲವೇ ನೂರು ಪ್ರತಿ ಮಾರಾಟವಾಗಿ, ಆಕೆ ಸಂಗೀತವನ್ನೇ ಬಿಟ್ಟಳು. ನಿಕ್ ಡ್ರೇಕ್‌ನ ಮೂರು ಆಲ್ಬಮ್‌ಗಳಲ್ಲಿ ಯಾವುದೂ ಮೊದಲ ಬಿಡುಗಡೆಯಲ್ಲಿ 5,000 ಪ್ರತಿಗಳನ್ನು ದಾಟಲಿಲ್ಲವೆನ್ನಲಾಗಿದೆ. 1974ರಲ್ಲಿ 26ನೆಯ ವಯಸ್ಸಿಗೆ ತೀರಿಕೊಂಡ ಈತ ಇಂದು ‘ಅಷ್ಟಾಗಿ ತಿಳಿಯದವರ’ ಸಾಲಿನಲ್ಲಿ ಉಳಿದಿಲ್ಲವಾದರೂ, ಈ ಹವ್ಯಾಸದ ಮೇಲ್ಪಂಕ್ತಿ ಅವನದೇ. ಕಂಪನಿಯ ಹಂಗಿಲ್ಲದೆ ಕಲಾವಿದರೇ ಕೈಯಿಂದ ಹಣ ಹಾಕಿ ಒತ್ತಿಸಿಕೊಂಡ ‘ಖಾಸಗಿ ಅಚ್ಚು’ಗಳದು ಇನ್ನೊಂದು ವರ್ಗ, ಡೆಟ್ರಾಯಿಟ್‌ನ ಟೆಡ್ ಲೂಕಸ್ 1975ರಲ್ಲಿ ಹೊರತಂದ ಆಲ್ಬಮ್ ಅದಕ್ಕೆ ಒಳ್ಳೆಯ ನಿದರ್ಶನ, ಅದರ ಮುಖಚಿತ್ರ ಬರೆದವನು ಮಾತ್ರ ಹೆಸರಾಂತ ಭಿತ್ತಿಪತ್ರ ಕಲಾವಿದ ಸ್ಟ್ಯಾನ್ಲಿ ಮೌಸ್.

ಮೊದಲ ಅಚ್ಚನ್ನು ಗುರುತಿಸುವುದು ಸಂಗ್ರಾಹಕನ ಮುಖ್ಯ ವಿದ್ಯೆ. ತಟ್ಟೆಯ ನಡುವೆ ಅಂಟಿಸಿದ ಲೇಬಲ್‌ನ ಬಣ್ಣ ಮತ್ತು ವಿನ್ಯಾಸ ಮೊದಲ ಸುಳಿವು: ಐಲೆಂಡ್ ಕಂಪನಿ ಹೊರತಂದ ನಿಕ್ ಡ್ರೇಕ್‌ನ ‘ಫೈವ್ ಲೀವ್ಸ್ ಲೆಫ್ಟ್’ (1969) ಪೂರ್ಣ ಗುಲಾಬಿ ಬಣ್ಣದ ಲೇಬಲ್ ಹೊತ್ತಿದ್ದರೆ ಅದು ಆರಂಭದ ಅಚ್ಚು, ಅಂಚು ಮಾತ್ರ ಗುಲಾಬಿಯಾಗಿದ್ದು ನಡುವೆ ತಾಳೆಮರದ ಚಿತ್ರವಿದ್ದರೆ ತರುವಾಯದ್ದು. ಎರಡನೆಯ ಸುಳಿವು ಕೊನೆಯ ಹಾಡಿಗೂ ಲೇಬಲ್ಲಿಗೂ ನಡುವೆ ಉಳಿಯುವ, ‘ಡೆಡ್ ವ್ಯಾಕ್ಸ್’ ಎಂದು ಕರೆಯುವ ಖಾಲಿ ಪಟ್ಟಿಯಲ್ಲಿದೆ. ಧ್ವನಿಯನ್ನು ಮೂಲ ತಟ್ಟೆಗೆ ಕೊರೆಯುವ ತಂತ್ರಜ್ಞ ಅಲ್ಲಿ ಮ್ಯಾಟ್ರಿಕ್ಸ್ ಸಂಖ್ಯೆಯನ್ನು, ಕೆಲವೊಮ್ಮೆ ತನ್ನ ಅಂಕಿತವನ್ನೂ, ಗೀರಿರುತ್ತಾನೆ. ಬ್ರಿಟನ್ನಿನ ಜಾರ್ಜ್ ಪೆಕಮ್‌ನ ‘ಪೋರ್ಕಿ’ ಎಂಬ ಅಂಕಿತವನ್ನು ಕಂಡರೆ ಬಲ್ಲವರು ತಟ್ಟೆಯನ್ನು ಕೆಳಗಿಡುವುದಿಲ್ಲ. ತಟ್ಟೆಯನ್ನು ವಾಲಿಸಿ, ದೀಪದ ಬೆಳಕು ಓರೆಯಾಗಿ ಬೀಳುವಂತೆ ಹಿಡಿದರಷ್ಟೇ ಈ ಗೀರುಗಳು ಕಾಣುತ್ತವೆ. ಪ್ರಸಿದ್ಧ ಆಲ್ಬಮ್‌ಗಳಿಗೆ ಹತ್ತಾರು ಅಚ್ಚುಗಳಿರುವುದರಿಂದ ಈ ಪರೀಕ್ಷೆ ಕಠಿಣ. ಸೋತ ಆಲ್ಬಮ್ಮಿಗಾದರೋ ಅನೇಕ ಸಂದರ್ಭಗಳಲ್ಲಿ ಮೊದಲ ಅಚ್ಚೇ ಕೊನೆಯ ಅಚ್ಚೂ ಆಗಿರುತ್ತದೆ.

ಹೆಸರೇ ಕೇಳದ ಗಾಯಕರನ್ನು ಪತ್ತೆ ಹಚ್ಚಲು ಅನುಭವಿಗಳು ಕವಚದ ಹಿಂಬದಿಯನ್ನು ಓದುತ್ತಾರೆ. ಡ್ರಮ್ಸ್ ರಸ್ ಕಂಕಲ್, ಬೇಸ್ ಲೀಲೆಂಡ್ ಸ್ಕ್ಲಾರ್, ಗಿಟಾರ್ ಡ್ಯಾನಿ ಕಾರ್ಚ್‌ಮರ್ ಎಂದಿದ್ದರೆ, ಅಂದರೆ ಟೇಲರ್ ಮತ್ತು ಕಿಂಗ್‌ರಿಗೆ ನುಡಿಸಿದ ಅದೇ ಲಾಸ್ ಏಂಜಲಿಸ್ ವಾದ್ಯಗಾರರು ಇದ್ದರೆ, ಗಾಯಕ ಅಪರಿಚಿತನಾದರೂ ತಟ್ಟೆಯನ್ನು ಒಮ್ಮೆ ಕೇಳಿ ನೋಡುವುದು ರೂಢಿ.

ತಟ್ಟೆಯ ಸ್ಥಿತಿಯನ್ನು ಅಳೆಯಲು ಅಮೆರಿಕದ ‘ಗೋಲ್ಡ್‌ಮೈನ್’ ಪತ್ರಿಕೆಯಿಂದ ಪ್ರಚಾರಕ್ಕೆ ಬಂದ ಶ್ರೇಣಿಗಳು ಬಳಕೆಯಲ್ಲಿವೆ: ಮಿಂಟ್, ನಿಯರ್ ಮಿಂಟ್, ವೆರಿ ಗುಡ್ ಪ್ಲಸ್, ವೆರಿ ಗುಡ್, ಗುಡ್ ಹೀಗೆ ಇಳಿಯುವ ಈ ಏಣಿಯಲ್ಲಿ ‘ಗುಡ್’ ಎಂದರೆ ವಾಸ್ತವದಲ್ಲಿ ಕೇಳಲು ಅಷ್ಟಕ್ಕಷ್ಟೇ ಎಂಬುದನ್ನು ಹೊಸಬರು ಹಣ ಕೊಟ್ಟ ಮೇಲೆ ಕಲಿಯುತ್ತಾರೆ. ಬೇರೆ ಪ್ರಕಾರಗಳಿಗಿಂತ ಸಾಫ್ಟ್ ರಾಕ್‌ನಲ್ಲಿ ಸ್ಥಿತಿಗೆ ಹೆಚ್ಚು ಬೆಲೆ ಬರಲು ಸಂಗೀತವೇ ಕಾರಣ. ಹೆವಿ ಮೆಟಲ್‌ನ ಗದ್ದಲದಲ್ಲಿ ಮುಚ್ಚಿಹೋಗುವ ಗೀರು, ನಿಕ್ ಡ್ರೇಕ್‌ನ ‘ಪಿಂಕ್ ಮೂನ್’ನಂಥ (1972) ಆಲ್ಬಮ್ಮಿನಲ್ಲಿ ಬೆಂಕಿಗೆ ಹಾಕಿದ ಉಪ್ಪಿನಂತೆ ಚಟಪಟ ಸಿಡಿಯುತ್ತದೆ. ಅರ್ಧ ಗಂಟೆಯನ್ನೂ ಮುಟ್ಟದ ಆ ಆಲ್ಬಮ್ಮಿನಲ್ಲಿರುವುದು ಒಂದು ಕಂಠ, ಒಂದು ಗಿಟಾರ್, ಶೀರ್ಷಿಕೆ ಗೀತೆಯಲ್ಲಿ ಮಾತ್ರ ಚೂರು ಪಿಯಾನೊ. ಹಾಡಿನ ನಡುವಣ ಮೌನವನ್ನೂ ಇಲ್ಲಿ ಮುಳ್ಳು ಓದಬೇಕಾಗುತ್ತದೆ.

ಮೊದಲ ಅಚ್ಚೇ ಸರ್ವೋತ್ತಮವೆಂಬ ಸಂಗ್ರಾಹಕರ ನಂಬಿಕೆ ಎಲ್ಲ ಕಾಲಕ್ಕೂ ನಿಲ್ಲುವಂಥದ್ದಲ್ಲ. ಕ್ಯಾಲಿಫೋರ್ನಿಯದಲ್ಲಿ ದಂತ ಚಿಕಿತ್ಸಾಲಯದ ಕೆಲಸದಲ್ಲಿದ್ದ ಲಿಂಡಾ ಪರ್ಹಾಕ್ಸ್‌ಳ ‘ಪ್ಯಾರಲಲೊಗ್ರಾಮ್ಸ್’ (1970) ರೇಡಿಯೊಗೆ ಹೊಂದುವಂತೆ ಧ್ವನಿಯ ಏರಿಳಿತವನ್ನು ಹಿಂಡಿ ಅಚ್ಚಾಗಿ ಬಂದಾಗ ಸ್ವತಃ ಗಾಯಕಿಯೇ ಬೇಸರಪಟ್ಟಿದ್ದಳು. ದಶಕಗಳ ಮೇಲೆ ಆಕೆ ಉಳಿಸಿಕೊಂಡಿದ್ದ ಟೇಪಿನಿಂದ ತೆಗೆದ ಮರುಮುದ್ರಣ ಮೂಲಕ್ಕಿಂತ ಸ್ಪಷ್ಟವಾಗಿದೆ. ಹೀಗಿದ್ದೂ ದುಬಾರಿಯಾಗಿರುವುದು ಮೂಲದ ತಟ್ಟೆಯೇ. ವಿರಳತೆಗೂ ಗುಣಕ್ಕೂ ಸಂಬಂಧವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಮರುಮುದ್ರಣಗಳು ಈ ಹವ್ಯಾಸದ ದಿಕ್ಕನ್ನೇ ಬದಲಿಸಿದವು. ಸಿಯಾಟಲ್‌ನ ಲೈಟ್ ಇನ್ ದಿ ಅಟಿಕ್, ಷಿಕಾಗೊದ ನ್ಯೂಮೆರೊ ಗ್ರೂಪ್ ಮೊದಲಾದ ಸಂಸ್ಥೆಗಳು ಮರೆತ ಧ್ವನಿಮುದ್ರಿಕೆಗಳನ್ನು ಹಕ್ಕು ಪಡೆದು, ವಿವರವಾದ ಟಿಪ್ಪಣಿಗಳೊಡನೆ ಹೊರತರುತ್ತಿವೆ. ಬನ್ಯನ್‌ಳ ಆಲ್ಬಮ್ 2000ದಲ್ಲಿ ಮರುಮುದ್ರಣಗೊಂಡು, ಅದರ ಬಲದಿಂದ ಆಕೆ 2005ರಲ್ಲಿ ಎರಡನೆಯ ಆಲ್ಬಮ್ಮನ್ನು ಹಾಡಿದಳು. ಮೂವತ್ತು ವರ್ಷಕ್ಕೂ ಮೀರಿದ ಮೌನವನ್ನು ಮುರಿದದ್ದರಲ್ಲಿ ಹಳೆಯ ತಟ್ಟೆಯನ್ನು ಕೈಯಿಂದ ಕೈಗೆ ದಾಟಿಸಿದ ಸಂಗ್ರಾಹಕರ ಪಾಲೂ ಇದೆ. 1999ರಲ್ಲಿ ಕಾರಿನ ಜಾಹೀರಾತೊಂದರಲ್ಲಿ ‘ಪಿಂಕ್ ಮೂನ್’ ಗೀತೆ ಬಳಕೆಯಾದಮೇಲೆ ಡ್ರೇಕ್‌ನ ಮೂಲ ಅಚ್ಚುಗಳು ಸಾಮಾನ್ಯರ ಕೈಗೆಟುಕದಾದವು. ಜಪಾನಿನದು ಬೇರೆಯೇ ಅಭಿರುಚಿ: ಅಮೆರಿಕದಲ್ಲಿ ಗಮನ ಸೆಳೆಯದ ನೆಡ್ ಡೊಹೆನಿಯ ‘ಹಾರ್ಡ್ ಕ್ಯಾಂಡಿ’ (1976) ಅಲ್ಲಿ ಮನ್ನಣೆ ಪಡೆಯಿತು. ಜಪಾನಿ ಅಚ್ಚುಗಳ ಕವಚಕ್ಕೆ ಸುತ್ತಿರುವ ‘ಓಬಿ’ ಎಂಬ ಕಾಗದದ ಪಟ್ಟಿ ಹರಿಯದೆ ಉಳಿದಿದ್ದರೆ ಬೆಲೆ ಏರುತ್ತದೆ.

ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ, ಬಿಸಿಲು ತಾಗದ ಕಡೆ ನೆಟ್ಟಗೆ ನಿಲ್ಲಿಸಿಡಬೇಕು. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಅವು ಹಪ್ಪಳದಂತೆ ಸೊಟ್ಟಗಾಗುತ್ತವೆ. ಕರಾವಳಿ ಮತ್ತು ಮಲೆನಾಡಿನಂಥ ತೇವದ ಹವೆಯಲ್ಲಿ ಕಾಗದದ ಒಳಲಕೋಟೆಗೆ ಹಿಡಿದ ಬೂಷ್ಟು ತಟ್ಟೆಯ ಗೆರೆಗಳಿಗೂ ಹಬ್ಬುವುದರಿಂದ, ಮಳೆಗಾಲಕ್ಕೆ ಮುನ್ನ ಹಳೆಯ ಲಕೋಟೆಗಳನ್ನು ಬದಲಿಸುವುದು ಒಳ್ಳೆಯದು. ಬೂಷ್ಟು ಹಿಡಿದ ವಿನೈಲನ್ನು ಶುದ್ಧೀಕರಿಸಿದ ನೀರಿಗೆ ತುಸು ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿ, ಮೆತ್ತನೆಯ ಬ್ರಷ್ಷಿನಿಂದ ಗೆರೆಗಳ ಗುಂಟವೇ ಉಜ್ಜಿ ತೊಳೆಯುತ್ತಾರೆ. ಅಟ್ಟದಿಂದ ಇಳಿಸಿದ ಅಜ್ಜನ ಕಾಲದ ಅರಗಿನ ಪ್ಲೇಟುಗಳಿಗೆ ಮಾತ್ರ ಈ ಮಿಶ್ರಣವನ್ನು ಸೋಕಿಸಬಾರದು. ಆಲ್ಕೊಹಾಲಿನಲ್ಲಿ ಅರಗು ಕರಗುತ್ತದೆ.