ಲೋರಾವ್ಯಾನ್

ನೀರಿನ ಮೀಟರು, ಮಣ್ಣಿನ ತೇವ ಅಳೆಯುವ ಸೆನ್ಸರು, ನದಿಯ ಮಟ್ಟ ನೋಡುವ ಮಾಪಕ ಮುಂತಾದ ಸಣ್ಣ ಸಾಧನಗಳು ತಮ್ಮ ಅಳತೆಗಳನ್ನು ಹಲವು ಕಿಲೋಮೀಟರು ದೂರಕ್ಕೆ ತಂತಿಯಿಲ್ಲದೆ ಕಳಿಸಲು ಬಳಸುವ ಜಾಲವ್ಯವಸ್ಥೆ. ಒಂದೇ ಬ್ಯಾಟರಿಯಲ್ಲಿ ವರ್ಷಗಟ್ಟಲೆ ದುಡಿಯುವುದು ಇಂಥ ಸಾಧನದ ಗುರಿ. ತಳದಲ್ಲಿರುವ ರೇಡಿಯೊ ತಂತ್ರದ ಹೆಸರು ಲೋರಾ. ಯಾರು, ಯಾವಾಗ, ಹೇಗೆ ಸಂದೇಶ ಕಳಿಸಬೇಕೆಂದು ಗೊತ್ತುಮಾಡುವ ನಿಯಮಾವಳಿ ಲೋರಾವ್ಯಾನ್. ಎರಡನ್ನೂ ಒಂದೇ ಎಂದು ಹೇಳುವ ರೂಢಿಯಿದೆ. ಆದರೆ ಮೊದಲನೆಯದು ಒಂದು ಕಂಪನಿಯ ಸ್ವತ್ತು; ಎರಡನೆಯದು ಯಾರು ಬೇಕಾದರೂ ಓದಿ ಅಳವಡಿಸಿಕೊಳ್ಳಬಹುದಾದ ಮುಕ್ತ ದಾಖಲೆ.

ವೈಫೈ ಮತ್ತು ಮೊಬೈಲ್ ಜಾಲಗಳು ತಲೆಮಾರಿನಿಂದ ತಲೆಮಾರಿಗೆ ವೇಗ ಹೆಚ್ಚಿಸಿಕೊಳ್ಳುತ್ತ ಬಂದಿವೆ. ಲೋರಾ ವೇಗವನ್ನು ಬೇಕೆಂದೇ ಬಿಟ್ಟುಕೊಟ್ಟು ದೂರವನ್ನು ಪಡೆಯುತ್ತದೆ. ಅದರ ಶಕ್ತಿ, ಮಿತಿ ಎರಡರ ಮೂಲವೂ ಇದೇ.

ಲೋರಾದ ಸಂಕೇತ ಒಂದು ಆವರ್ತನದಿಂದ ಇನ್ನೊಂದಕ್ಕೆ ಎಡೆಬಿಡದೆ ಏರುವ ಅಲೆ. ಹಾಡುವವರು ಸ್ವರದಿಂದ ಸ್ವರಕ್ಕೆ ಜಾರು ಹಿಡಿದು ಸಾಗಿದಂತೆ. ಇದಕ್ಕೆ ಚರ್ಪ್ ಎನ್ನುತ್ತಾರೆ. ರೇಡಾರಿನಲ್ಲಿ ಇದು ದಶಕಗಳಿಂದ ಬಳಕೆಯಲ್ಲಿದ್ದ ಉಪಾಯ. ಏರಿಕೆ ಎಲ್ಲಿಂದ ಶುರುವಾಯಿತು ಎಂಬುದರಲ್ಲೇ ಮಾಹಿತಿ ಅಡಗಿರುತ್ತದೆ. ಏರಿಕೆಯ ಆಕಾರ ಗ್ರಾಹಕಕ್ಕೆ ಮೊದಲೇ ತಿಳಿದಿರುವುದರಿಂದ, ಹಿನ್ನೆಲೆಯ ಗದ್ದಲದಲ್ಲಿ ಮುಳುಗಿಹೋದ ಸಂಕೇತವನ್ನೂ ಅದು ಹೆಕ್ಕಿ ತೆಗೆಯಬಲ್ಲದು. ಅತಿ ನಿಧಾನದ ಹಂತದಲ್ಲಿ ಸಂಕೇತದ ಬಲ ಗದ್ದಲದ ನೂರರಲ್ಲೊಂದು ಪಾಲಿದ್ದರೂ ಸಂದೇಶ ಓದಲು ಸಿಗುತ್ತದೆ.

ನಿಧಾನದ ಹಂತಗಳನ್ನು ಸಾಮಾನ್ಯವಾಗಿ 7ರಿಂದ 12ರವರೆಗೆ ಎಣಿಸುತ್ತಾರೆ. ಒಂದೊಂದು ಹಂತ ಮೇಲೇರಿದಾಗಲೂ ಸಂಕೇತದ ಅವಧಿ ಇಮ್ಮಡಿಯಾಗುತ್ತದೆ. 125 ಕಿಲೋಹರ್ಟ್ಸ್ ಅಗಲದ ಚಾನೆಲಿನಲ್ಲಿ 7ನೆಯ ಹಂತದ ವೇಗ ಸೆಕೆಂಡಿಗೆ ಸುಮಾರು 5,500 ಬಿಟ್. 12ನೆಯ ಹಂತದಲ್ಲಿ 300 ಬಿಟ್ಟಿಗೂ ಕಡಿಮೆ. 10 ಬೈಟುಗಳ ಅಳತೆಯೊಂದನ್ನು ಕಳಿಸಲು ಮೊದಲನೆಯದರಲ್ಲಿ ಸುಮಾರು 62 ಮಿಲಿಸೆಕೆಂಡು ಸಾಕು, ಕೊನೆಯದರಲ್ಲಿ ಹೆಚ್ಚುಕಡಿಮೆ ಒಂದೂವರೆ ಸೆಕೆಂಡು ಬೇಕು. ಅಷ್ಟು ಹೊತ್ತೂ ರೇಡಿಯೊ ವಿದ್ಯುತ್ತು ಸೆಳೆಯುತ್ತಿರುತ್ತದೆ. ಆದ್ದರಿಂದ ಸಾಧನಗಳ ಸಂದೇಶ ಹಿಡಿಯುವ ಗೇಟ್‌ವೇ ಹತ್ತಿರವಿರುವ ಸಾಧನ ಕೆಳಗಿನ ಹಂತದಲ್ಲೇ ಇರುವಂತೆ ಜಾಲವೇ ಸೂಚನೆ ಕೊಡುತ್ತದೆ. ಬ್ಯಾಟರಿಯ ಆಯುಷ್ಯವನ್ನು ವರ್ಷಗಳಲ್ಲಿ ಹೇಳುವ ಜಾಹೀರಾತುಗಳು ಹಂತವನ್ನು ಹೇಳದಿದ್ದರೆ ಆ ಲೆಕ್ಕಕ್ಕೆ ಅರ್ಥವಿಲ್ಲ.

ಜಾಲದ ರಚನೆ ಸರಳ. ಸಾಧನ ಯಾವುದೇ ಒಂದು ಗೇಟ್‌ವೇಗೆ ಅಂಟಿಕೊಂಡಿರುವುದಿಲ್ಲ. ಅದು ಕಳಿಸಿದ್ದನ್ನು ಕೇಳಿಸಿಕೊಂಡ ಗೇಟ್‌ವೇಗಳೆಲ್ಲ ಅಂತರ್ಜಾಲದ ಮೂಲಕ ಸರ್ವರಿಗೆ ಮುಟ್ಟಿಸುತ್ತವೆ. ಸರ್ವರು ಪುನರಾವರ್ತನೆಗಳನ್ನು ತೆಗೆದು ಒಂದನ್ನು ಉಳಿಸಿಕೊಳ್ಳುತ್ತದೆ. ಸಂದೇಶಗಳಿಗೆ 128 ಬಿಟ್ಟಿನ ಎಇಎಸ್ ಗೂಢಲಿಪಿಯ ರಕ್ಷಣೆಯಿದೆ. ಗೇಟ್‌ವೇ ಇಟ್ಟವರಿಗೆ ಒಳಗಿನ ಅಳತೆ ಕಾಣುವುದಿಲ್ಲ. ಸಾಧನಗಳಲ್ಲಿ ಮೂರು ವರ್ಗ. ‘ಎ’ ವರ್ಗದ್ದು ತಾನು ಕಳಿಸಿದ ನಂತರ ಎರಡು ಬಾರಿ ಕೊಂಚ ಹೊತ್ತು ಕಿವಿಗೊಟ್ಟು ಮತ್ತೆ ನಿದ್ರೆಗೆ ಜಾರುತ್ತದೆ. ಉಳಿದ ವೇಳೆಯಲ್ಲಿ ಅದನ್ನು ಕರೆಯಲು ದಾರಿಯಿಲ್ಲ. ‘ಬಿ’ ವರ್ಗ ಗೊತ್ತಾದ ಹೊತ್ತಿಗೆ ಎಚ್ಚರಗೊಳ್ಳುತ್ತದೆ. ‘ಸಿ’ ವರ್ಗ ಸದಾ ಕೇಳುತ್ತಿರುತ್ತದೆ, ಹಾಗಾಗಿ ಅದಕ್ಕೆ ಬ್ಯಾಟರಿ ಸಾಲದು. ತೇವ ಅಳೆಯುವುದಕ್ಕೆ ‘ಎ’ ಒಪ್ಪುತ್ತದೆ. ದೂರದಿಂದಲೇ ತಕ್ಷಣ ವಾಲ್ವು ಮುಚ್ಚಬೇಕಿದ್ದರೆ ‘ಸಿ’ ವರ್ಗವೇ ಬೇಕು.

ಕಳಿಸುವ ಮುನ್ನ ಯಾರ ಅಪ್ಪಣೆಯನ್ನೂ ಕೇಳದ ಈ ಪದ್ಧತಿ ಹವಾಯಿ ವಿಶ್ವವಿದ್ಯಾಲಯದಲ್ಲಿ 1971ರಲ್ಲಿ ಕೆಲಸ ಆರಂಭಿಸಿದ ಅಲೋಹಾ ಜಾಲದಿಂದ ಬಂದದ್ದು. ಒಂದೇ ಚಾನೆಲಿನಲ್ಲಿ ಒಂದೇ ಹಂತದ ಎರಡು ಸಂದೇಶಗಳು ಡಿಕ್ಕಿಯಾದರೆ ಒಂದೋ ಎರಡೋ ಕಳೆದುಹೋಗಬಹುದು. ಸಾಧನಗಳು ಹೆಚ್ಚಿದಂತೆ, ಮೇಲಿನ ಹಂತಗಳಲ್ಲಿ ದೀರ್ಘವಾಗಿ ಕಳಿಸುವವು ಹೆಚ್ಚಿದಂತೆ, ಈ ನಷ್ಟ ಬೆಳೆಯುತ್ತದೆ. ಯುರೋಪಿನ 868 ಮೆಗಾಹರ್ಟ್ಸ್ ಪಟ್ಟಿಯ ಬಹುತೇಕ ಚಾನೆಲುಗಳಲ್ಲಿ ಸಾಧನವೊಂದು ಶೇ. 1ರಷ್ಟು ಕಾಲ, ಅಂದರೆ ಗಂಟೆಗೆ 36 ಸೆಕೆಂಡು ಮಾತ್ರ ಪ್ರಸಾರ ಮಾಡಬಹುದು. ದನಿ, ಚಿತ್ರ, ವಿಡಿಯೊ ಇಲ್ಲಿ ಸಾಗವು. ಜೀವ ಉಳಿಸುವ ತುರ್ತು ಸೂಚನೆಗೆ ಈ ಜಾಲವೊಂದನ್ನೇ ನೆಚ್ಚುವುದು ಸರಿಯಲ್ಲ.

ಲೋರಾ ರೂಪುಗೊಂಡದ್ದು ಫ್ರಾನ್ಸಿನ ಗ್ರೆನೋಬಲ್‌ನಲ್ಲಿ, ಸೈಕ್ಲಿಯೊ ಎಂಬ ಪುಟ್ಟ ಕಂಪನಿಯಲ್ಲಿ. ನಿಕೊಲಾ ಸೊರ್ನಾನ್, ಒಲಿವಿಯೆ ಸೆಲೆರ್ ಮತ್ತು ಫ್ರಾನ್ಸ್ವಾ ಸ್ಫೋರ್ಜಾ ಅದರ ಸ್ಥಾಪಕರು. ಕ್ಯಾಲಿಫೋರ್ನಿಯಾದ ಸೆಮ್‌ಟೆಕ್ 2012ರಲ್ಲಿ ಅದನ್ನು ಕೊಂಡಿತು. 2015ರಲ್ಲಿ ಲೋರಾ ಅಲಯನ್ಸ್ ಹುಟ್ಟಿ ನಿಯಮಾವಳಿಯ ಹೊಣೆ ಹೊತ್ತಿತು. 2021ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಲೋರಾವ್ಯಾನನ್ನು ತನ್ನ ಮಾನದಂಡವಾಗಿ ಅಂಗೀಕರಿಸಿತು.

ಇದು ಹಬ್ಬಿದ ಬಗೆಯಲ್ಲಿ ಗಮನಾರ್ಹವಾದುದು ನಾಗರಿಕರ ಪಾಲು. 2015ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ವಿಂಕೆ ಗೀಸೆಮಾನ್ ಮತ್ತು ಯೋಹಾನ್ ಸ್ಟೋಕಿಂಗ್ ಆರಂಭಿಸಿದ ದಿ ಥಿಂಗ್ಸ್ ನೆಟ್‌ವರ್ಕ್, ಜನರೇ ತಂತಮ್ಮ ಮಹಡಿಯ ಮೇಲೆ ಗೇಟ್‌ವೇ ಇಟ್ಟು ಕಟ್ಟಿದ ಜಾಲ. ಸುಮಾರು ಹತ್ತು ಗೇಟ್‌ವೇಗಳಲ್ಲಿ ನಗರವನ್ನು ವ್ಯಾಪಿಸಲು ಸಾಧ್ಯವಾಯಿತು. ಎಲ್ಲರಿಗೂ ಜಾಗ ಸಿಗಲೆಂದು ಸಾಧನವೊಂದಕ್ಕೆ ದಿನಕ್ಕೆ 30 ಸೆಕೆಂಡಿನ ಪ್ರಸಾರವಷ್ಟೇ ಎಂಬ ಕಟ್ಟುಪಾಡನ್ನು ಅಲ್ಲಿ ಇಟ್ಟುಕೊಂಡಿದ್ದಾರೆ. ಆ ಲೆಕ್ಕದಲ್ಲಿ 12ನೆಯ ಹಂತದ ಸಾಧನಕ್ಕೆ ದಿನಕ್ಕೆ 10 ಬೈಟಿನ ಇಪ್ಪತ್ತು ಸಂದೇಶ ಮಾತ್ರ ದಕ್ಕುತ್ತವೆ. 2016ರಲ್ಲಿ ಕೆಪಿಎನ್ ದೂರಸಂಪರ್ಕ ಕಂಪನಿ ನೆದರ್ಲೆಂಡ್ಸ್ ದೇಶವಿಡೀ ಲೋರಾ ಜಾಲ ಹರಡಿತು. 2019ರಲ್ಲಿ ಬಲೂನಿನಲ್ಲಿ ಕಟ್ಟಿ ಹಾರಿಸಿದ ಸಾಧನವೊಂದು 25 ಮಿಲಿವ್ಯಾಟ್ ಶಕ್ತಿಯಲ್ಲಿ ಕಳಿಸಿದ ಸಂದೇಶ 766 ಕಿಲೋಮೀಟರು ಆಚೆ ಸಿಕ್ಕಿತು. ಎತ್ತರದಲ್ಲಿ ಅಡ್ಡಿಯಿಲ್ಲದ ಕಾರಣ ಅಷ್ಟು ದೂರ. ಕಟ್ಟಡಗಳ ನಡುವೆ ಕೆಲವೇ ಕಿಲೋಮೀಟರು.

ಪ್ರತಿಸ್ಪರ್ಧಿಗಳಲ್ಲಿ ಫ್ರಾನ್ಸಿನ ಸಿಗ್‌ಫಾಕ್ಸ್ ಒಂದು ಸಂದೇಶಕ್ಕೆ 12 ಬೈಟು, ದಿನಕ್ಕೆ 140 ಸಂದೇಶ ಎಂಬ ಬಿಗಿಯಾದ ಮಿತಿಯಲ್ಲಿ ನಡೆಯಿತು. ಅದು 2022ರಲ್ಲಿ ಆರ್ಥಿಕ ಸಂಕಷ್ಟಕ್ಕೆ ಸಿಕ್ಕಿ ಸಿಂಗಪುರದ ಯೂನಾಬಿಜ್ ಪಾಲಾಯಿತು. ಮೊಬೈಲ್ ಕಂಪನಿಗಳ ಎನ್‌ಬಿ-ಐಒಟಿ 2016ರಲ್ಲಿ ಅಂತಿಮಗೊಂಡಿತು. ಅದರ ತರಂಗಪಟ್ಟಿ ಪರವಾನಗಿಗೆ ಒಳಪಟ್ಟದ್ದು, ಆದ್ದರಿಂದ ಇತರರ ಅಡಚಣೆ ಕಡಿಮೆ. ಮೊಬೈಲ್ ಕಂಪನಿಯ ಸಿಗ್ನಲ್ ತಲುಪದ ಕಾಡಂಚಿನಲ್ಲಿ ಅದರಿಂದ ಉಪಯೋಗವಿಲ್ಲ.

ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಗೆ 2005ರಿಂದ ಪರವಾನಗಿ ಬೇಕಿಲ್ಲ. 2021ರಲ್ಲಿ ಪಟ್ಟಿ 868ರವರೆಗೆ ವಿಸ್ತರಿಸಿತು. ಲೋರಾವ್ಯಾನ್ ನಿಯಮಾವಳಿ ಭಾರತಕ್ಕೆಂದೇ 865.0625, 865.4025 ಮತ್ತು 865.985 ಮೆಗಾಹರ್ಟ್ಸ್‌ನ ಮೂರು ಮೂಲ ಚಾನೆಲುಗಳನ್ನು ಗೊತ್ತುಮಾಡಿದೆ. ಯುರೋಪಿಗೆ ಹೊಂದಿಸಿದ ಸಾಧನವನ್ನು ತರಿಸಿ ಹಾಗೆಯೇ ಬಳಸಿದರೆ ಅದು ಇಲ್ಲಿನ ಚಾನೆಲುಗಳಿಗೆ ಹೊಂದುವುದಿಲ್ಲ, ಕೊಳ್ಳುವಾಗ ಇದನ್ನು ನೋಡಿಕೊಳ್ಳಬೇಕು. ಟಾಟಾ ಕಮ್ಯುನಿಕೇಷನ್ಸ್ ಲೋರಾ ಜಾಲಕ್ಕೆ ಕೈಹಾಕಿದಾಗ ಮೊದಲಿಗೆ ಆರಿಸಿಕೊಂಡ ನಗರಗಳು ಮುಂಬೈ, ದೆಹಲಿ ಮತ್ತು ಬೆಂಗಳೂರು. ಪಟ್ಟಿ ಮುಕ್ತವಾಗಿರುವುದರಿಂದ, ಮಾನ್ಯತೆ ಪಡೆದ ಉಪಕರಣ ಕೊಂಡ ತೋಟದವರೂ ಕಾಲೇಜಿನವರೂ ಯಾವ ದೂರವಾಣಿ ಕಂಪನಿಯನ್ನೂ ಅವಲಂಬಿಸದೆ ತಮ್ಮದೇ ಜಾಲ ನಡೆಸಬಹುದು.